ಹಾಟ್ ರಾಡ್ ಕಿಟ್ ಕಟ್ಟುವುದು ಹೇಗೆ: ಹಾಳೆಯ ಕ್ರಮ ಬೇರೆ, ಕೈಯ ಕ್ರಮ ಬೇರೆ

ಹಾಟ್ ರಾಡ್ ಅಂದರೆ ಹಳೆ ಕಾರನ್ನು ವೇಗಕ್ಕೆಂದು ಮಾರ್ಪಡಿಸಿದ್ದು. ಅದರ ಪುಟ್ಟ ಪ್ಲಾಸ್ಟಿಕ್ ಮಾದರಿಯ ಭಾಗಗಳಿರುವ ಡಬ್ಬಿಯೇ ಹಾಟ್ ರಾಡ್ ಕಿಟ್. ಅದನ್ನು ಕಟ್ಟಲು ಹೋಗಿ ಕೈಚೆಲ್ಲಿದವರು ತೋರಿಸುವ ಫೋಟೊಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಎಂಜಿನ್ ಚೆನ್ನಾಗಿದೆ, ಸೀಟು ಚೆನ್ನಾಗಿದೆ, ಬಾಡಿಗೆ ಕೆಂಪು ಬಣ್ಣವೂ ಬಂದಿದೆ. ಆದರೆ ಬಾಡಿ ಮಾತ್ರ ಫ್ರೇಮಿನ ಮೇಲೆ ಕೂರುತ್ತಿಲ್ಲ. ಮುಂದೆ ಎರಡು ಮಿಲಿಮೀಟರ್ ಸಂದು, ಒಂದು ಚಕ್ರ ಗಾಳಿಯಲ್ಲಿ. ಒತ್ತಿ ಕೂರಿಸಲು ಹೋದದ್ದಕ್ಕೆ ಟಾಪಿನ ಮೇಲೆ ಹೆಬ್ಬೆರಳಿನ ಅಚ್ಚು.

ತಪ್ಪು ಕೊನೆಯಲ್ಲಿ ಕಂಡರೂ ಆಗಿರುವುದು ಮೊದಲ ದಿನವೇ. ಕಿಟ್ ಜೊತೆ ಬರುವ ಚಿತ್ರದ ಹಾಳೆ ಎಂಜಿನ್‌ನಿಂದ ಶುರುವಾಗಿ ಬಾಡಿಯಲ್ಲಿ ಮುಗಿಯುತ್ತದೆ. ಅದು ಯಾವ ಭಾಗ ಎಲ್ಲಿ ಅಂಟಬೇಕು ಅಂತ ಹೇಳುವ ಹಾಳೆ. ಯಾವ ಕೆಲಸ ಯಾವಾಗ ಮಾಡಬೇಕು ಅಂತ ಅದು ಹೇಳುವುದಿಲ್ಲ. ಒಣಗಲು ಹೆಚ್ಚು ಟೈಮ್ ಬೇಕಾದ್ದು ಬಾಡಿ, ಆದ್ದರಿಂದ ಬಾಡಿ ಮೊದಲು. ಅದು ಒಣಗುವಷ್ಟರಲ್ಲಿ ಎಂಜಿನ್, ಫ್ರೇಮ್, ಸೀಟು. ಗ್ಯಾರೇಜಿನಲ್ಲೂ ಅಷ್ಟೇ ಅಲ್ವಾ? ಟಿಂಕರಿಂಗ್ ಮುಗಿಯದೆ ಪೇಂಟ್ ಇಲ್ಲ, ಪೇಂಟ್ ಒಣಗದೆ ಫಿಟ್ಟಿಂಗ್ ಇಲ್ಲ.

ಉದಾಹರಣೆಗೆ 1932ರ ಫೋರ್ಡ್ ಕೂಪೆಯನ್ನು (ಎರಡು ಬಾಗಿಲಿನ, ಟಾಪ್ ಇರುವ ಕಾರು) ಇಟ್ಟುಕೊಂಡಿದ್ದೇನೆ. ಹಾಟ್ ರಾಡ್ ಮಂದಿ ಇದನ್ನು 'ಡ್ಯೂಸ್' ಅನ್ನುತ್ತಾರೆ. ರೆವೆಲ್, ಎಎಂಟಿ ಅನ್ನುವ ಎರಡೂ ಕಿಟ್ ಕಂಪನಿಗಳು ಇದನ್ನು ನಿಜ ಕಾರಿನ 1/25 ಅಳತೆಯಲ್ಲಿ ತಂದಿವೆ. ಮಡ್‌ಗಾರ್ಡ್ ಇಲ್ಲದ, ಬಾಡಿ ಫ್ರೇಮಿನ ಮೇಲೆ ಕೂರುವ 'ಹೈಬಾಯ್' ರೂಪ ಕಟ್ಟೋಣ. ಬೇರೆ ಕಾರಿನ ಕಿಟ್ ಇದ್ದರೂ ಕ್ರಮ ಇದೇ.

## ಬೇಕಾದ ಸಾಮಾನು

ಚಪ್ಪಟೆ ಬಾಯಿಯ ಸಣ್ಣ ಕಟರ್, ಕ್ರಾಫ್ಟ್ ಚಾಕು, ಚಿಮಟ, 400, 600, 1000, 2000 ನಂಬರಿನ ವಾಟರ್ ಪೇಪರ್, ಮಾಸ್ಕಿಂಗ್ ಟೇಪ್, ಬಟ್ಟೆ ಕ್ಲಿಪ್ಪು, ಹಲ್ಲುಕಡ್ಡಿ, ಹಳೆ ಟೂತ್‌ಬ್ರಶ್. ತೂತು ಕೊರೆಯಲು ಕೈಯಲ್ಲೇ ತಿರುಗಿಸುವ ಸಣ್ಣ ಡ್ರಿಲ್ ಇದ್ದರೆ ಒಳ್ಳೆಯದು. ಮೊದಲ ಕಿಟ್‌ಗೆ ಏರ್‌ಬ್ರಶ್ ಬೇಡ, ಸ್ಪ್ರೇ ಕ್ಯಾನ್ ಸಾಕು.

ಅಂಟಿನ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಮೂರು ಬಗೆ ಬೇಕು.

ಒಂದು, ನೀರಿನಷ್ಟು ತೆಳ್ಳಗಿರುವ ಪ್ಲಾಸ್ಟಿಕ್ ಸಿಮೆಂಟ್. ಟಾಮಿಯಾದ ಹಸಿರು ಮುಚ್ಚಳದ ಬಾಟಲಿ ಈ ಜಾತಿಯದು. ಇದು ಅಂಟುವುದಿಲ್ಲ, ಎರಡೂ ಕಡೆಯ ಪಾಲಿಸ್ಟೈರೀನನ್ನು (ಕಿಟ್‌ನ ಪ್ಲಾಸ್ಟಿಕ್ ಇದೇ) ಕರಗಿಸಿ ಒಂದು ಮಾಡುತ್ತದೆ. ಹಾಗಾಗಿ ಬಣ್ಣದ ಮೇಲೂ ಕ್ರೋಮ್ ಮೇಲೂ ಇದರ ಆಟ ನಡೆಯುವುದಿಲ್ಲ. ಎರಡು, ಫೆವಿಕ್ವಿಕ್ ಥರದ ಸೂಪರ್ ಗ್ಲೂ. ಲೋಹದ ತಂತಿ, ಕಡ್ಡಿಗಳಿಗೆ ಮಾತ್ರ. ಮೂರು, ಬಿಳಿ ಫೆವಿಕಾಲ್. ಗಾಜಿನ ಭಾಗಗಳಿಗೆ, ಅಂದರೆ ಕಿಟ್‌ನ ಪಾರದರ್ಶಕ ಪ್ಲಾಸ್ಟಿಕ್ಕಿಗೆ, ಇದೇ ಬೇಕು. ಸೂಪರ್ ಗ್ಲೂ ಒಣಗುವಾಗ ಬರುವ ಆವಿ ಗಾಜಿನ ಮೇಲೆ ಬಿಳಿ ಮಂಜು ಕೂರಿಸುತ್ತದೆ, ಒರೆಸಿದರೆ ಹೋಗುವುದಿಲ್ಲ.

ಪ್ರೈಮರ್ (ಬಣ್ಣದ ಕೆಳಗಿನ ಪದರ), ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಹೊಳಪು) ಮೂರೂ ಲ್ಯಾಕರ್ ಇಲ್ಲವೇ ಎನಾಮೆಲ್ ಅಂತ ಒಂದೇ ಜಾತಿಯದು ತನ್ನಿ. ಲ್ಯಾಕರ್ ಮೇಲೆ ಎನಾಮೆಲ್ ನಡೆಯುತ್ತದೆ. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತದೆ.

## 1. ಡಬ್ಬಿ ತೆರೆದು ಎಣಿಸಿ, ಆಮೇಲೆ ನಿರ್ಧಾರ ಮಾಡಿ

ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿಗೆ ಸ್ಪ್ರೂ ಅನ್ನುತ್ತಾರೆ. ಹಾಳೆಯ ನಂಬರ್ ನೋಡಿ ಒಂದೊಂದನ್ನೂ ಗುರುತು ಹಾಕಿ. ಈಗ ಯಾವುದನ್ನೂ ಕತ್ತರಿಸಬೇಡಿ.

ಹಳೆಯ ಎಎಂಟಿ ಕಿಟ್‌ಗಳಲ್ಲಿ 'ಒಂದರಲ್ಲಿ ಮೂರು' ಅಂತ ಬರುತ್ತದೆ. ಕಂಪನಿ ರೂಪ, ಕಸ್ಟಮ್, ರೇಸ್, ಮೂರರ ಭಾಗಗಳೂ ಅದೇ ಡಬ್ಬಿಯಲ್ಲಿ. ಯಾವುದನ್ನು ಕಟ್ಟುತ್ತೀರಿ ಅಂತ ಈಗಲೇ ನಿರ್ಧಾರ ಮಾಡಿ, ಬೇಕಾದ ಭಾಗಗಳ ನಂಬರನ್ನು ಹಾಳೆಯಲ್ಲೇ ಸುತ್ತು ಹಾಕಿ. ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದರೆ ರೇಸ್ ಎಂಜಿನ್‌ಗೆ ಕಂಪನಿ ರೇಡಿಯೇಟರ್ ತಗಲುತ್ತದೆ.

ಡಬ್ಬಿ ಹಳೆಯದಾದರೆ ಮೂರು ಕಡೆ ನೋಡಿ:

- ಟೈರು ಬೇರೆ ಭಾಗಕ್ಕೆ ತಾಗಿಕೊಂಡಿದೆಯಾ? ಮೆತ್ತನೆಯ ವಿನೈಲ್ ಟೈರಿನಿಂದ ಹೊರಬರುವ ಎಣ್ಣೆಯಂಥ ಪದಾರ್ಥ ಪಾಲಿಸ್ಟೈರೀನನ್ನು ತಿಂದುಹಾಕುತ್ತದೆ. ಗಾಜಿನ ಮೇಲೆ ಟೈರಿನ ಅಚ್ಚು ಬಿದ್ದಿದ್ದರೆ ಆ ಗಾಜು ಕೆಟ್ಟಿತು ಅಂತಲೇ ಲೆಕ್ಕ. ಬಾಡಿಯ ಮೇಲಿದ್ದರೆ ಪುಟ್ಟಿ ತುಂಬಬಹುದು. ಏನೇ ಇರಲಿ, ಟೈರುಗಳನ್ನು ಈಗಲೇ ಬೇರೆ ಕವರಿಗೆ ಹಾಕಿಡಿ.
- ಫ್ರೇಮ್ ಸೊಟ್ಟಗಿದೆಯಾ? ಗಾಜಿನ ತುಂಡಿನ ಮೇಲೆ ಇಟ್ಟು ನಾಲ್ಕು ಮೂಲೆ ತಟ್ಟಿ. ಟಕ್ ಟಕ್ ಅಂದರೆ ಸೊಟ್ಟ. ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಮೆಲ್ಲಗೆ ತಿದ್ದಿ, ತಣ್ಣೀರಿಗೆ ಹಾಕಿ. ಒಂದೇ ಸಲಕ್ಕೆ ಪೂರ್ತಿ ಸರಿಮಾಡಲು ಹೋಗಬೇಡಿ. ಮೂರು ಸಲ ಅದ್ದಿದರೂ ಪರವಾಗಿಲ್ಲ, ಮುರಿದರೆ ಕಷ್ಟ. ಕುದಿಯುವ ನೀರು ಬೇಡ, ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಯ ಹತ್ತಿರ ಮೆತ್ತಗಾಗಿ ಆಕಾರ ಬಿಡುತ್ತದೆ.
- ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಹಳದಿಯಾಗಿದೆಯಾ? ಪಾರದರ್ಶಕ ಕವರಿನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಟೇಪಿನಿಂದ ಅಂಟಿಸಿ. ಕೆಲವು ದಿನಗಳಲ್ಲಿ ಹಳದಿ ಇಳಿಯುತ್ತದೆ.

## 2. ತೊಳೆಯಿರಿ

ಅಚ್ಚಿನಿಂದ ಸಲೀಸಾಗಿ ಕಳಚಲೆಂದು ಕಾರ್ಖಾನೆಯಲ್ಲಿ ಜಿಡ್ಡು ಬಳಸಿರುತ್ತಾರೆ. ಅದು ಉಳಿದರೆ ಬಣ್ಣ ಅಲ್ಲಲ್ಲಿ ಕಣ್ಣುಬಿಟ್ಟಂತೆ ದುಂಡಗೆ ಸರಿದುಕೊಳ್ಳುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್, ಉಗುರುಬೆಚ್ಚಗಿನ ನೀರು, ಟೂತ್‌ಬ್ರಶ್. ಗಾಳಿಯಲ್ಲಿ ಒಣಗಲಿ. ಸಿಂಕಿನ ತೂತಿಗೆ ಜರಡಿ ಇಡಿ. ಹೆಡ್‌ಲೈಟಿನ ಗಾಜು ಒಮ್ಮೆ ಪೈಪಿನೊಳಗೆ ಹೋದರೆ ಹೋಯಿತು.

## 3. ಒಂದು ಹನಿ ಅಂಟೂ ಇಲ್ಲದೆ ಇಡೀ ಕಾರು ಕಟ್ಟಿ

ಇಲ್ಲಿ ಅರ್ಧ ದಿನ ಕಳೆದವರು ಕೊನೆಯಲ್ಲಿ ಎರಡು ವಾರ ಉಳಿಸುತ್ತಾರೆ. ಎಲ್ಲರೂ ಹಾರಿಸುವ ಹಂತವೂ ಇದೇ.

ದೊಡ್ಡ ಭಾಗಗಳನ್ನು ಮಾತ್ರ ಕತ್ತರಿಸಿ: ಫ್ರೇಮ್, ಎರಡೂ ಆಕ್ಸಲ್, ಎಂಜಿನ್ ಬ್ಲಾಕಿನ ಎರಡು ಹೋಳು, ಒಳಾಂಗಣದ ತೊಟ್ಟಿ (ಸೀಟು ಕೂರುವ ತೊಟ್ಟಿಯಾಕಾರದ ಭಾಗ), ಬಾಡಿ, ರೇಡಿಯೇಟರ್, ಬಾನೆಟ್. ಭಾಗಕ್ಕೆ ತಾಗಿಸಿ ಕತ್ತರಿಸಬೇಡಿ. ಒಂದು ಮಿಲಿಮೀಟರ್ ಬಿಟ್ಟು ಕಟರ್ ಹಾಕಿ, ಉಳಿದದ್ದನ್ನು ಚಾಕುವಿನಿಂದ ಹೆರೆಯಿರಿ. ತಾಗಿಸಿ ಕತ್ತರಿಸಿದರೆ ಅಂಚು ಕಿತ್ತುಬಂದು ಗುಂಡಿ ಬೀಳುತ್ತದೆ.

ಈಗ ಟೇಪ್, ರಬ್ಬರ್ ಬ್ಯಾಂಡ್ ಹಾಕಿ ಎಲ್ಲವನ್ನೂ ಜೋಡಿಸಿ. ಟೈರು ಹಾಕಿದ ಚಕ್ರವನ್ನೂ ಸಿಗಿಸಿ. ಗಾಜಿನ ಮೇಲೆ ನಿಲ್ಲಿಸಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ ನೋಡಿ.

ಮೊದಲು ಅಳತೆ. ನಿಜವಾದ 1932ರ ಫೋರ್ಡಿನಲ್ಲಿ ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ 106 ಇಂಚು, ಅಂದರೆ ಸುಮಾರು 269 ಸೆಂ.ಮೀ. ಅದನ್ನು 25ರಿಂದ ಭಾಗಿಸಿದರೆ 10.8 ಸೆಂ.ಮೀ. ನಿಮ್ಮ ಕಿಟ್‌ನಲ್ಲಿ ಕೂದಲೆಳೆ ಹೆಚ್ಚುಕಮ್ಮಿ ಬಂದರೆ ಚಿಂತೆಯಿಲ್ಲ. ಎಡಗಡೆಯೂ ಬಲಗಡೆಯೂ ಒಂದೇ ಬರಬೇಕು, ಅದು ಮುಖ್ಯ. ಒಂದು ಕಡೆ ಮಿಲಿಮೀಟರ್ ಕಮ್ಮಿ ಇದ್ದರೆ ಆಕ್ಸಲ್ ಓರೆಯಾಗಿ ಕೂತಿದೆ. ಈಗ ಎರಡು ನಿಮಿಷದ ಕೆಲಸ, ಅಂಟಿಸಿದ ಮೇಲೆ ಗರಗಸದ ಕೆಲಸ.

ಆಮೇಲೆ ಬಾಡಿ. ಮೇಲೆದ್ದು ಕೂತಿದ್ದರೆ ಹತ್ತರಲ್ಲಿ ಎಂಟು ಸಲ ಕಳ್ಳ ಒಳಾಂಗಣದ ತೊಟ್ಟಿ. ಅದರ ತಳ ಫ್ರೇಮಿನ ಅಡ್ಡಪಟ್ಟಿಗೋ ಗೇರ್‌ಬಾಕ್ಸಿಗೋ ತಾಗುತ್ತಿರುತ್ತದೆ. ಎಲ್ಲಿ ತಾಗುತ್ತದೆ ಅಂತ ತಿಳಿಯಲು ಒಂದು ಉಪಾಯ: ಗೇರ್‌ಬಾಕ್ಸಿನ ಮೇಲೆ ಲಿಪ್‌ಸ್ಟಿಕ್ ಸವರಿ, ತೊಟ್ಟಿಯನ್ನು ಕೂರಿಸಿ ಎತ್ತಿ. ಕೆಂಪು ಗುರುತು ಎಲ್ಲಿ ಬಂತೋ ಅಲ್ಲೇ ಉಜ್ಜಿ, ಮತ್ತೆ ಕೂರಿಸಿ ನೋಡಿ. ಆಮೇಲೆ ಸೋಪುನೀರಿನಲ್ಲಿ ತೊಳೆಯಲು ಮರೆಯಬೇಡಿ. ಮನೆಯವರ ಲಿಪ್‌ಸ್ಟಿಕ್ ಕೇಳದೆ ತೆಗೆದುಕೊಳ್ಳುವ ಅಪಾಯ ನಿಮ್ಮದು.

ಎರಡನೆಯ ಕಳ್ಳ ರೇಡಿಯೇಟರ್. ಅದು ಸ್ವಲ್ಪ ಹಿಂದಕ್ಕೆ ವಾಲಿದರೂ ಬಾನೆಟ್ ಕೂರುವುದಿಲ್ಲ. ಮೂರನೆಯದು ಸೈಲೆನ್ಸರ್‌ಗೆ ಹೋಗುವ ಹೆಡರ್ ಪೈಪು, ಫ್ರೇಮಿಗೆ ಉಜ್ಜುತ್ತದೆ.

ಎಲ್ಲ ಕೂತಿತಾ? ಆದರೂ ಬಣ್ಣದ ದಪ್ಪಕ್ಕೆ ಜಾಗ ಬಿಡಿ. ಪ್ರೈಮರ್, ಬಣ್ಣ, ಕ್ಲಿಯರ್ ಸೇರಿದರೆ ಬಿಗಿಯಾದ ಗೂಟ ತೂತಿಗೆ ಹೋಗುವುದಿಲ್ಲ. ಈಗ ಸ್ವಲ್ಪ ಸಡಿಲ ಅನ್ನಿಸಿದರೆ ಅದೇ ಸರಿ.

ನಿಲುವನ್ನೂ ಇಲ್ಲೇ ತೀರ್ಮಾನಿಸಿ. ಹಾಟ್ ರಾಡ್ ಅಂದರೆ ಹಿಂದೆ ದೊಡ್ಡ ಟೈರು, ಮುಂದೆ ಚಿಕ್ಕದು, ಮೂತಿ ಸ್ವಲ್ಪ ಕೆಳಗೆ. ಟಾಪ್ ಕತ್ತರಿಸಿ ತಗ್ಗಿಸುವ ಆಸೆ ಎಲ್ಲರಿಗೂ ಬರುತ್ತದೆ. 3 ಇಂಚು ತಗ್ಗಿಸುವುದೆಂದರೆ ಕಿಟ್‌ನಲ್ಲಿ 3 ಮಿ.ಮೀ. ಮಾತ್ರ. ಆದರೆ ಕಂಬಗಳು ಓರೆ ಇರುವುದರಿಂದ ಕತ್ತರಿಸಿದ ಮೇಲೆ ಒಂದಕ್ಕೊಂದು ಕೂಡುವುದಿಲ್ಲ, ಗಾಜನ್ನೂ ಕತ್ತರಿಸಬೇಕು. ಮೊದಲ ಕಿಟ್‌ನಲ್ಲಿ ಬೇಡ.

## 4. ಬಾಡಿಯ ಟಿಂಕರಿಂಗ್

ಅಚ್ಚಿನ ಹೋಳುಗಳು ಸೇರುವ ಕಡೆ ಬಾಡಿಯ ಮೇಲೆ ಸಣ್ಣ ಗೆರೆ ಉಳಿದಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ತಿಳಿಯುತ್ತದೆ. ಮೂಲೆಗಳಲ್ಲಿ, ಟಾಪಿನ ಅಂಚಿನಲ್ಲಿ ಹುಡುಕಿ. ಚಾಕುವಿನ ಅಲಗನ್ನು ನೆಟ್ಟಗೆ ಹಿಡಿದು ಹೆರೆಯಿರಿ, ಆಮೇಲೆ 400, 600ರ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ.

ಉಜ್ಜುವ ಮೊದಲೇ ಬಾಗಿಲಿನ ಗೆರೆಗಳನ್ನು ಆಳ ಮಾಡಿಕೊಳ್ಳಬೇಕು. ಮೂರು ಪದರ ಬಣ್ಣ ಬಿದ್ದ ಮೇಲೆ ಆಳವಿಲ್ಲದ ಗೆರೆ ಮುಚ್ಚಿಹೋಗಿ, ಬಾಗಿಲು ಬರೆದ ಚಿತ್ರದಂತೆ ಕಾಣುತ್ತದೆ. ಚಾಕುವಿನ ಬೆನ್ನನ್ನು ಗೆರೆಯಲ್ಲಿಟ್ಟು ಹಗುರವಾಗಿ ಎಳೆಯಿರಿ. ಹತ್ತು ಸಲ ಎಳೆಯಿರಿ, ಒಂದು ಸಲವೂ ಒತ್ತಬೇಡಿ. ಒತ್ತಿದರೆ ಜಾರಿ ಬಾಗಿಲಿನ ನಡುವೆ ಗೀರು.

ಗುಂಡಿ ಇದ್ದರೆ ಮಾಡೆಲ್ ಪುಟ್ಟಿ ತೆಳ್ಳಗೆ ಎರಡು ಸಲ ಹಾಕಿ. ದಪ್ಪಗೆ ಒಂದೇ ಸಲ ಹಾಕಿದರೆ ಒಣಗುತ್ತಾ ಕುಗ್ಗಿ, ಬಣ್ಣ ಹೊಡೆದ ವಾರಕ್ಕೆ ಗುಂಡಿ ಮತ್ತೆ ಎದ್ದು ಕಾಣುತ್ತದೆ.

ರೇಡಿಯೇಟರ್ ಶೆಲ್ (ಅದರ ಹೊರಕವಚ), ಬಾನೆಟ್ ಮತ್ತು ಫ್ರೇಮಿನ ಸೈಡ್ ರೈಲ್‌ಗೂ ಇದೇ ಉಪಚಾರ ಆಗಲಿ. ಡ್ಯೂಸ್‌ನಲ್ಲಿ ಮಡ್‌ಗಾರ್ಡ್ ತೆಗೆದರೆ ಸೈಡ್ ರೈಲ್ ಪೂರ್ತಿ ಹೊರಗೆ ಕಾಣುತ್ತದೆ, ಅದಕ್ಕೊಂದು ಚೆಂದದ ಉಬ್ಬುಗೆರೆಯೂ ಇದೆ. ಫ್ರೇಮ್ ತಾನೆ ಅಂತ ಕಪ್ಪು ಬಳಿದು ಬಿಟ್ಟವರು ಆಮೇಲೆ ಪೇಚಾಡುತ್ತಾರೆ. ಬಾಡಿಯ ಬಣ್ಣವೇ ಅದಕ್ಕೂ ಬೇಕು. ಅದೂ ಅದೇ ಕ್ಯಾನಿನಿಂದ, ಅದೇ ದಿನ.

## 5. ಪ್ರೈಮರ್

ಪ್ರೈಮರ್ ಮೂರು ಕೆಲಸ ಮಾಡುತ್ತದೆ. ಬಣ್ಣಕ್ಕೆ ಹಿಡಿತ ಕೊಡುತ್ತದೆ, ಲ್ಯಾಕರಿನ ಉರಿಯಿಂದ ಪ್ಲಾಸ್ಟಿಕ್ಕನ್ನು ಕಾಪಾಡುತ್ತದೆ, ಉಜ್ಜಿದ್ದರಲ್ಲಿ ಉಳಿದ ತಪ್ಪನ್ನು ತೋರಿಸುತ್ತದೆ. ನಾನೊಮ್ಮೆ ಅಂಗಡಿಯವರು "ಪ್ಲಾಸ್ಟಿಕ್ಕಿಗೂ ಆಗುತ್ತೆ" ಅಂದ ಮಾತು ನಂಬಿ, ವಾಹನಕ್ಕೆ ಹೊಡೆಯುವ ಸ್ಪ್ರೇಯನ್ನು ನೇರ ಬಾಡಿಗೆ ಹೊಡೆದೆ. ಹತ್ತು ನಿಮಿಷದಲ್ಲಿ ಟಾಪಿನ ತುಂಬಾ ಬತ್ತಿದ ಕೆರೆಯ ತಳದ ಹಾಗೆ ಬಿರುಕು. ಅದು ಬಣ್ಣದ ಬಿರುಕಲ್ಲ, ಪ್ಲಾಸ್ಟಿಕ್ಕೇ ಸೀಳಿತ್ತು. ಯಾವುದೇ ಹೊಸ ಕ್ಯಾನನ್ನು ಮೊದಲು ಬೇಡದ ಭಾಗದ ಮೇಲೆ, ಇಲ್ಲವೇ ಸ್ಪ್ರೂ ತುಂಡಿನ ಮೇಲೆ ಹೊಡೆದು ಒಂದು ಗಂಟೆ ಬಿಟ್ಟು ನೋಡಿ.

ಕಿಟ್‌ನ ಪ್ಲಾಸ್ಟಿಕ್ಕೇ ಕೆಂಪು ಇದ್ದು ನೀವು ಬಿಳಿ ಅಥವಾ ಕೆನೆ ಬಣ್ಣ ಹೊಡೆಯುವುದಾದರೆ ಎಚ್ಚರ. ಕೆಂಪು ಮೇಲಕ್ಕೆ ಒಸರಿ ಬಿಳಿ ಗುಲಾಬಿಯಾಗುತ್ತದೆ. ಅಂಥ ಪ್ಲಾಸ್ಟಿಕ್ಕಿಗೆ ಕಪ್ಪೋ ಕೆಂಪೋ ಹೊಡೆಯುವುದು ಜಾಣತನ.

ಪ್ರೈಮರ್ ಒಣಗಿದ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಬಾಡಿಯನ್ನು ತಿರುಗಿಸಿ. ಬೆಳಕಿನ ಗೆರೆ ನೆಟ್ಟಗೆ ಹರಿಯಬೇಕು. ಎಲ್ಲಿ ಮುರಿಯಿತೋ ಅಲ್ಲಿ ಉಬ್ಬು ಅಥವಾ ಗುಂಡಿ ಇದೆ. ಮತ್ತೆ ಪುಟ್ಟಿ, ಮತ್ತೆ ಪೇಪರ್, ಮತ್ತೆ ಪ್ರೈಮರ್. ಕೊನೆಗೆ 1000ದಲ್ಲಿ ಹಗುರವಾಗಿ ಉಜ್ಜಿ ಒರೆಸಿ.

## 6. ಬಣ್ಣ

ಮೊದಲು ಜಾಗ. ಗಾಳಿ ಆಡುವ ಕಡೆ, ಮುಖಕ್ಕೆ ಆವಿ ತಡೆಯುವ ಮಾಸ್ಕ್ ಹಾಕಿಕೊಂಡು. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಹತ್ತಿರ ಉರಿಯುತ್ತಿರಬಾರದು. ಸ್ಪ್ರೇಯ ಆವಿಗೆ ಬೆಂಕಿ ಹಿಡಿಯಲು ಕಿಡಿ ಸಾಕು.

ಆಮೇಲೆ ಹವೆ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಡಿಗೆ ಲ್ಯಾಕರ್ ಹೊಡೆಯುವ ಆಸೆ ಬಿಟ್ಟು ಎಂಜಿನ್ ಕೆಲಸ ಮಾಡಿಕೊಳ್ಳಿ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಹೊಳೆಯುವ ಕಪ್ಪು ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಹಾಗಾದರೆ ಗಾಬರಿಯಾಗಿ ಒರೆಸಬೇಡಿ. ಒಣ ಹವೆ ಇರುವ ದಿನ ಅದರ ಮೇಲೆ ಮತ್ತೊಂದು ಕೋಟ್ ಹೊಡೆದರೆ ಬಹಳಷ್ಟು ಸಲ ಸರಿಹೋಗುತ್ತದೆ.

ಹೊಡೆಯುವ ರೀತಿ ಹೀಗೆ:

1. ಬಾಡಿಯನ್ನು ಒಳಗಿನಿಂದ ಒಂದು ಬಾಟಲಿಗೋ ಡಬ್ಬಕ್ಕೋ ಟೇಪಿನಿಂದ ಸಿಕ್ಕಿಸಿ. ಕೈಯಲ್ಲಿ ಹಿಡಿಯಬೇಡಿ. ಬಾನೆಟ್, ಶೆಲ್ ಪಕ್ಕದಲ್ಲೇ ಇರಲಿ.
2. ಕ್ಯಾನನ್ನು ಎರಡು ನಿಮಿಷ ಕುಲುಕಿ. ಚಳಿಗಾಲವಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿ. ಬಿಸಿನೀರು, ಬಿಸಿಲು, ಒಲೆ ಯಾವುದೂ ಬೇಡ, ಕ್ಯಾನ್ ಸಿಡಿಯುತ್ತದೆ.
3. 20ರಿಂದ 25 ಸೆಂ.ಮೀ. ದೂರ. ಬಾಡಿಯ ಆಚೆ ಒತ್ತಲು ಶುರು ಮಾಡಿ, ಬಾಡಿ ದಾಟಿದ ಮೇಲೆ ಬೆರಳು ಬಿಡಿ. ಬಾಡಿಯ ಮೇಲೆಯೇ ಶುರು ಮಾಡಿದರೆ ಮೊದಲ ಉಗುಳು ಅಲ್ಲೇ ಬೀಳುತ್ತದೆ.
4. ಮೊದಲ ಕೋಟ್ ಬರೀ ತುಂತುರು. ಕೆಳಗಿನ ಪ್ರೈಮರ್ ಕಾಣುತ್ತಿರಬೇಕು. ಹದಿನೈದು ನಿಮಿಷ ಬಿಡಿ.
5. ಎರಡನೆಯದೂ ತೆಳ್ಳಗೆ. ಮೂರನೆಯದು ಮಾತ್ರ ಒದ್ದೆ ಹೊಳಪು ಬರುವಷ್ಟು.
6. ಒಳ ಮೂಲೆಗಳಿಗೆ, ಬಾನೆಟ್ಟಿನ ಗಾಳಿಸೀಳುಗಳಿಗೆ ಮೊದಲು ಹೊಡೆದು ಆಮೇಲೆ ದೊಡ್ಡ ಬಯಲಿಗೆ ಬನ್ನಿ. ಕೊನೆಗೆ ಮೂಲೆ ಹುಡುಕಿಕೊಂಡು ಹೋದರೆ ಅಲ್ಲಿ ಬಣ್ಣ ಸೋರುತ್ತದೆ.

ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾದರೆ ದೂರ ಜಾಸ್ತಿಯಾಯಿತು ಅಥವಾ ಕೋಟ್ ಒಣಕಲಾಯಿತು. ಕಣ್ಣೀರಿನ ಹಾಗೆ ಇಳಿದರೆ ಹತ್ತಿರ ಹೊಡೆದಿದ್ದೀರಿ. ಎರಡಕ್ಕೂ ಮದ್ದು ಒಂದೇ: ಮುಟ್ಟಬೇಡಿ, ಪೂರ್ತಿ ಒಣಗಲಿ, ಉಜ್ಜಿ ಮತ್ತೆ ಹೊಡೆಯಿರಿ. ಹಸಿ ಬಣ್ಣದ ಮೇಲೆ ಸೊಳ್ಳೆ ಕೂತರೂ ಬಿಡಿ. ನಾಳೆ ಅದರ ಕಾಲನ್ನು ವಾಟರ್ ಪೇಪರಿನಲ್ಲಿ ತೆಗೆಯಬಹುದು, ಇವತ್ತು ಬೆರಳಿನಿಂದ ತೆಗೆದರೆ ಗುಂಡಿ.

ಒಣಗಿತಾ ಅಂತ ಮುಟ್ಟಿ ನೋಡಬೇಡಿ, ಮೂಸಿ ನೋಡಿ. ಬಣ್ಣದ ವಾಸನೆ ಬರುತ್ತಿರುವ ತನಕ ಅದು ಒಣಗಿಲ್ಲ. ಲ್ಯಾಕರ್ ಆದರೆ ಕೆಲವು ದಿನ, ಎನಾಮೆಲ್ ಆದರೆ ವಾರ ಎರಡು ವಾರ. ಧೂಳು ಬೀಳದ ಹಾಗೆ ಪ್ಲಾಸ್ಟಿಕ್ ಡಬ್ಬ ಕವುಚಿ, ಗಾಳಿ ಆಡಲು ಅಂಚಿನಲ್ಲಿ ಒಂದು ಬೆಂಕಿಕಡ್ಡಿ ಇಟ್ಟು ಮುಂದಿನ ಕೆಲಸಕ್ಕೆ ಹೋಗಿ.

## 7. ಬಾಡಿ ಒಣಗುವಾಗ ಎಂಜಿನ್

ಬ್ಲಾಕಿನ ಎರಡು ಹೋಳನ್ನು ಕೂಡಿಸಿ ಹಿಡಿದು, ಸಂದಿಗೆ ತೆಳು ಸಿಮೆಂಟಿನ ಬ್ರಶ್ ಮುಟ್ಟಿಸಿ. ಅದು ತಾನಾಗಿ ಉದ್ದಕ್ಕೂ ಓಡುತ್ತದೆ. ಆದರೆ ನಿಮ್ಮ ಬೆರಳು ಸಂದಿನ ಮೇಲಿದ್ದರೆ ಬೆರಳಿನ ಕೆಳಗೂ ಓಡಿ, ಪ್ಲಾಸ್ಟಿಕ್ಕಿನಲ್ಲಿ ನಿಮ್ಮ ಹೆಬ್ಬೆಟ್ಟು ಒತ್ತಿ ಕೊಡುತ್ತದೆ. ಸಂದಿನಿಂದ ದೂರ ಹಿಡಿಯಿರಿ. ಒಂದು ದಿನ ಬಿಟ್ಟು ಗೆರೆ ಉಜ್ಜಿ, ಆಮೇಲೆ ಬಣ್ಣ.

ಡ್ಯೂಸ್‌ಗೆ ಒಪ್ಪುವುದು ಫೋರ್ಡಿನ ಫ್ಲಾಟ್‌ಹೆಡ್ ವಿ8. ವಾಲ್ವುಗಳು ಬ್ಲಾಕಿನಲ್ಲೇ ಇರುವುದರಿಂದ ಮೇಲಿನ ಹೆಡ್ ಬರೀ ಚಪ್ಪಟೆ ಮುಚ್ಚಳ. ಸ್ಪಾರ್ಕ್ ಪ್ಲಗ್ ಅದರ ಮೇಲೆ ನಿಂತಿರುತ್ತದೆ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂದುಗಡೆ ಇರುತ್ತದೆ. ಶೆವ್ರೊಲೆಯ ಸ್ಮಾಲ್ ಬ್ಲಾಕ್ ಎಂಜಿನ್ ಆದರೆ ಅದು ಹಿಂದೆ, ಫೈರ್‌ವಾಲಿಗೆ (ಎಂಜಿನ್ನಿಗೂ ಒಳಾಂಗಣಕ್ಕೂ ನಡುವಿನ ಗೋಡೆ) ಹತ್ತಿಕೊಂಡು. ಇದು ತಿಳಿಯದೆ ವೈರು ಎಳೆದವರದು ನೋಡಿದ ಕೂಡಲೇ ಗೊತ್ತಾಗುತ್ತದೆ.

ವೈರು ಎಳೆಯುವುದು ಕಡ್ಡಾಯವಲ್ಲ. ಆದರೆ ಬಾನೆಟ್ ತೆಗೆದಿಡುವ ಕಾರಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಜೀವ ತುಂಬುವ ಕೆಲಸ ಇನ್ನೊಂದಿಲ್ಲ. ನಿಜವಾದ ಪ್ಲಗ್ ವೈರ್ ಸುಮಾರು 7 ಮಿ.ಮೀ. ದಪ್ಪ, 25ರಿಂದ ಭಾಗಿಸಿದರೆ 0.28. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ 31 ಅಥವಾ 32 ಗೇಜಿನ ತಾಮ್ರದ ತಂತಿ ಕೇಳಿ, ಹೆಚ್ಚುಕಮ್ಮಿ ಅದೇ ದಪ್ಪ. ಒಂದು ಮೊಳ ಕೇಳಿದರೆ ದುಡ್ಡೂ ತೆಗೆದುಕೊಳ್ಳುವುದಿಲ್ಲ. ಡಿಸ್ಟ್ರಿಬ್ಯೂಟರಿಗೂ ಹೆಡ್ಡಿಗೂ 0.4 ಮಿ.ಮೀ. ತೂತು ಕೊರೆದು, ತುದಿಗೆ ಸೂಪರ್ ಗ್ಲೂ ಮುಟ್ಟಿಸಿ ತೂರಿಸಿ. ಆಮೇಲೆ ಕಪ್ಪು ಬಣ್ಣ. ಸೂಪರ್ ಗ್ಲೂ ಬಾಟಲಿಯಿಂದ ನೇರ ಹಾಕಬೇಡಿ. ಪ್ಲಾಸ್ಟಿಕ್ ತುಂಡಿನ ಮೇಲೆ ಒಂದು ಹನಿ ಬಿಟ್ಟು, ತಂತಿಯ ತುದಿಯನ್ನು ಅದರಲ್ಲಿ ಅದ್ದಿ.

ಅಲ್ಯುಮಿನಿಯಂ ಹೆಡ್ಡಿನ ಪಟ್ಟಿಗಳ ನಡುವೆ ನೀರು ಮಾಡಿದ ಕಪ್ಪು ಬಣ್ಣ ಹರಿಸಿ, ಮೇಲ್ಭಾಗ ಒರೆಸಿ. ಬ್ಲಾಕಿಗೆ ನಿಮ್ಮಿಷ್ಟದ ಬಣ್ಣ.

## 8. ಫ್ರೇಮ್ ಮತ್ತು ಚಕ್ರ

ಬಾಡಿಯ ಜೊತೆಗೇ ಬಣ್ಣ ಹೊಡೆದ ಫ್ರೇಮ್ ಒಣಗಿರುತ್ತದೆ. ಅಂಟಿಸುವ ಕಡೆಯೆಲ್ಲ ಬಣ್ಣ ಕೆರೆದು ಪ್ಲಾಸ್ಟಿಕ್ ಕಾಣಿಸಿ. ಬಣ್ಣದ ಮೇಲೆ ಅಂಟಿಸಿದ ಆಕ್ಸಲ್ ಮೇಜಿನಿಂದ ಎತ್ತುವಾಗ ಕಳಚಿಬೀಳುತ್ತದೆ.

ಆಕ್ಸಲ್ ಅಂಟಿಸಿದ ಕೂಡಲೇ ಚಕ್ರ ಸಿಗಿಸಿ ಗಾಜಿನ ಮೇಲೆ ನಿಲ್ಲಿಸಿ. ಸಿಮೆಂಟ್ ಗಟ್ಟಿಯಾಗುವ ಮೊದಲ ಐದತ್ತು ನಿಮಿಷದಲ್ಲಿ ಮಾತ್ರ ತಿದ್ದಲು ಅವಕಾಶ. ಪ್ರತಿ ಟೈರಿನ ಕೆಳಗೆ ಕಾಗದದ ಚೂರು ತೂರಿಸಿ ಎಳೆಯಿರಿ. ಸಲೀಸಾಗಿ ಜಾರಿ ಬಂದ ಕಡೆಯ ಚಕ್ರ ಗಾಳಿಯಲ್ಲಿದೆ. ನಾಲ್ಕೂ ಹಿಡಿದ ಮೇಲೆ ಇಡೀ ರಾತ್ರಿ ಹಾಗೇ ಬಿಡಿ.

ಟೈರು ಪಳಪಳ ಹೊಳೆಯುತ್ತಿದ್ದರೆ ಆಟಿಕೆ ಥರ ಕಾಣುತ್ತದೆ. ನೆಲಕ್ಕೆ ತಾಗುವ ಭಾಗವನ್ನು 400ರಲ್ಲಿ ಉಜ್ಜಿದರೆ ಓಡಿದ ಟೈರಾಗುತ್ತದೆ.

## 9. ಕ್ರೋಮ್ ಭಾಗಗಳು

ಕಿಟ್‌ನ ಕ್ರೋಮ್ ಅಂದರೆ ಒಂದು ಮೆರುಗಿನ ಪದರದ ಮೇಲೆ ಕೂತ ತೆಳು ಅಲ್ಯುಮಿನಿಯಂ. ಅದರ ಮೇಲೆ ಸಿಮೆಂಟ್ ಹಿಡಿಯದು, ಅಂಟಿಸುವ ಕಡೆ ಕೆರೆಯಲೇಬೇಕು. ಕ್ಲಿಯರ್ ಹೊಡೆದರೆ ಕನ್ನಡಿ ಮಂಕಾಗುತ್ತದೆ, ಹೊಡೆಯಬೇಡಿ. ಸ್ಪ್ರೂನಿಂದ ಕತ್ತರಿಸಿದ ಕಡೆ ಉಳಿಯುವ ಕಲೆಯನ್ನು ಆದಷ್ಟು ಹಿಂದಕ್ಕೆ, ಕೆಳಕ್ಕೆ ತಿರುಗಿಸಿ ಕೂರಿಸಿ. ಕಂಡರೆ ಕ್ರೋಮ್ ಮಾರ್ಕರಿನಿಂದ ಮುಟ್ಟಿಸಿ.

ಎಲ್ಲವನ್ನೂ ಕ್ರೋಮ್ ಬಿಡುವ ಆಸೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮದುವೆ ಮನೆಯ ಬ್ಯಾಂಡ್‌ಸೆಟ್ ಆಗಿಬಿಡುತ್ತದೆ. ಹೆಡ್‌ಲೈಟು, ಹೆಡರ್ ಪೈಪು, ಹಬ್‌ಕ್ಯಾಪು ಸಾಕು. ಬೇಡದ ಕಡೆ ತೆಗೆಯಲು ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ಮುಳುಗಿಸಿಡಿ, ನೋಡುತ್ತಿದ್ದಂತೆ ಅಲ್ಯುಮಿನಿಯಂ ಕರಗುತ್ತದೆ. ಕೈಗವಸು ಹಾಕಿ. ಆ ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್ ಅಥವಾ ಬೇರೆ ಯಾವುದನ್ನೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ.

## 10. ಒಳಾಂಗಣ

ಇದು ಬೇಗ ಮುಗಿಯುತ್ತದೆ. ಸೀಟಿಗೆ ಹೊಳಪಿಲ್ಲದ ಬಣ್ಣ, ಮಡಿಕೆಗಳಲ್ಲಿ ಕಡು ಛಾಯೆ. ಡ್ಯಾಶ್‌ಬೋರ್ಡಿನ ಮೀಟರುಗಳಿಗೆ ಡೆಕಾಲ್ ಇದ್ದರೆ ಹಾಕಿ, ಮೇಲೆ ಒಂದು ಹನಿ ಕ್ಲಿಯರ್ ಬಿಟ್ಟರೆ ಗಾಜಾಯಿತು. ಕೂಪೆಯ ಕಿಟಕಿ ಚಿಕ್ಕದು, ಒಳಗೆ ಕತ್ತಲೆ. ಕಾಣದ ಕಡೆ ಮೂರು ದಿನ ಕೂರಬೇಡಿ.

## 11. ಡೆಕಾಲ್, ಕ್ಲಿಯರ್, ಪಾಲಿಶ್: ಇದೇ ಕ್ರಮ

ಬಾಡಿಗೆ ಜ್ವಾಲೆಯ ಡೆಕಾಲ್ ಹಾಕುವುದಾದರೆ ಕ್ಲಿಯರಿಗಿಂತ ಮೊದಲು. ಹಳೆ ಡೆಕಾಲ್ ಆದರೆ ಬೇಡದ ಒಂದನ್ನು ನೀರಿಗೆ ಹಾಕಿ ನೋಡಿ. ಚೂರುಚೂರಾದರೆ, ಉಳಿದ ಹಾಳೆಗೆ ಕ್ಲಿಯರಿನ ತೆಳು ಕೋಟ್ ಹೊಡೆದು ಒಣಗಿಸಿ, ಆಮೇಲೆ ಅಂಚಿಗೆ ಹತ್ತಿರ ಕತ್ತರಿಸಿ ಬಳಸಿ. ಉಗುರುಬೆಚ್ಚಗಿನ ನೀರು, ಅರ್ಧ ನಿಮಿಷ. ಕಾಗದದಿಂದ ಎತ್ತಬೇಡಿ, ಬಾಡಿಯ ಮೇಲೆ ಜಾರಿಸಿ. ಬಾಡಿಯ ಮೇಲೆ ಮೊದಲೇ ಒಂದು ಹನಿ ನೀರಿದ್ದರೆ ಸರಿಸಲು ಸುಲಭ.

ಡೆಕಾಲ್ ಒಂದು ದಿನ ಒಣಗಲಿ. ಕ್ಲಿಯರಿನ ಮೊದಲ ಎರಡು ಕೋಟ್ ಬರೀ ತುಂತುರಾಗಿರಲಿ. ಮೊದಲೇ ಒದ್ದೆ ಕೋಟ್ ಹೊಡೆದರೆ ಡೆಕಾಲ್ ಮುದುಡುತ್ತದೆ.

ವಾರ ಬಿಟ್ಟು ಪಾಲಿಶ್. ಧೂಳಿನ ಕಣ ಇರುವ ಕಡೆ ಮಾತ್ರ 2000ದಲ್ಲಿ ಸೋಪುನೀರು ಹಾಕಿ ಉಜ್ಜಿ. ಆಮೇಲೆ ರಬ್ಬಿಂಗ್ ಕಾಂಪೌಂಡ್. ಬಟ್ಟೆ ಹಳೆಯ ಕಾಟನ್ ಪಂಚೆಯಷ್ಟು ಮೆತ್ತಗಿರಬೇಕು. ಅಂಚು, ಉಬ್ಬುಗೆರೆಗಳ ಮೇಲೆ ಬಣ್ಣ ತೆಳ್ಳಗಿರುತ್ತದೆ, ಅಲ್ಲಿ ಉಜ್ಜಲೇಬೇಡಿ. ಬಟ್ಟೆಗೆ ಬಾಡಿಯ ಬಣ್ಣ ಹತ್ತಲು ಶುರುವಾದರೆ ಕ್ಲಿಯರ್ ದಾಟಿದ್ದೀರಿ, ಅಲ್ಲಿಗೇ ನಿಲ್ಲಿಸಿ.

## 12. ಗಾಜು ಮತ್ತು ಕೊನೆಯ ಜೋಡಣೆ

ಪಾಲಿಶಿನ ಪುಡಿಯೆಲ್ಲ ತೊಳೆದು ಒಣಗಿದ ಮೇಲೆ ಗಾಜು. ಹಲ್ಲುಕಡ್ಡಿಯಲ್ಲಿ ಫೆವಿಕಾಲ್ ತೆಗೆದು ಅಂಚಿಗೆ ಸವರಿ ಕೂರಿಸಿ. ಹೆಚ್ಚಾದದ್ದನ್ನು ಒದ್ದೆ ಬಡ್ಸ್‌ನಿಂದ ಒರೆಸಿ.

ಕೂರಿಸುವ ಕ್ರಮ: ಫ್ರೇಮಿಗೆ ಎಂಜಿನ್, ಆಮೇಲೆ ಹೆಡರ್, ಒಳಾಂಗಣದ ತೊಟ್ಟಿಯನ್ನು ಬಾಡಿಯೊಳಕ್ಕೆ, ಬಾಡಿಯನ್ನು ಫ್ರೇಮಿನ ಮೇಲೆ, ರೇಡಿಯೇಟರ್, ಬಾನೆಟ್. ಹೆಡ್‌ಲೈಟು, ಕನ್ನಡಿ, ನಂಬರ್ ಪ್ಲೇಟು ಕಟ್ಟಕಡೆಗೆ. ಮೊದಲೇ ಹಾಕಿದರೆ ಶರ್ಟಿನ ತೋಳಿಗೆ ಸಿಕ್ಕಿ ಮುರಿಯುವುದು ಅವೇ.

ರೇಡಿಯೇಟರನ್ನು ಅಂಟಿಸುವ ಮುಂಚೆ ಬಾನೆಟ್ ಇಟ್ಟು ನೋಡಿ. ಬಾನೆಟ್ ಎರಡೂ ಕಡೆ ಸಮನಾಗಿ ಕೂತಾಗ ರೇಡಿಯೇಟರಿನ ಬುಡಕ್ಕೆ ಸಿಮೆಂಟ್ ಮುಟ್ಟಿಸಿ, ಬಾನೆಟ್ ಮೇಲಿರುವಾಗಲೇ ಒಣಗಲು ಬಿಡಿ.

ಬಾಡಿ ಕೂರದಿದ್ದರೆ ಒತ್ತಬೇಡಿ. ಎತ್ತಿ, ಬಣ್ಣ ಸೇರಿಕೊಂಡ ಗೂಟ ಯಾವುದು ನೋಡಿ, ಅದನ್ನು ಕೆರೆಯಿರಿ. ಮೂರನೆಯ ಹಂತದಲ್ಲಿ ಕೂತಿತ್ತು ಅಂದರೆ ಈಗಲೂ ಕೂರಲೇಬೇಕು, ನಡುವೆ ಸೇರಿದ್ದು ಬಣ್ಣವೊಂದೇ.

ಉಳಿದ ಭಾಗಗಳನ್ನು ಎಸೆಯಬೇಡಿ. 'ಒಂದರಲ್ಲಿ ಮೂರು' ಕಿಟ್ ಆದರೆ ಒಂದು ಇಡೀ ಎಂಜಿನ್ನೇ ಉಳಿದಿರಬಹುದು. ಡಬ್ಬಿಗೆ ಹಾಕಿ, ಮೇಲೆ ಕಿಟ್‌ನ ಹೆಸರು ಬರೆದಿಡಿ. ಮಿಕ್ಕ ಟೈರು ಮಾತ್ರ ಬೇರೆ ಕವರಿನಲ್ಲಿ.